ಖಳನಿಗೆ ಯಾರ ಮುಖ?

ಚಿತ್ರಕಥೆ ಬರೆಯಲು ಕುಳಿತ ಹುಡುಗನು ಮೊದಲು ನಾಯಕನನ್ನು ಬರೆಯುತ್ತಾನೆ. ಅಗಲವಾದ ಎದೆ, ಗಾಳಿಗೆ ಹಾರುವ ಮೇಲುವಸ್ತ್ರ, ಎತ್ತಿದ ಮುಷ್ಟಿ. ಅರ್ಧ ಗಂಟೆಯಲ್ಲಿ ವೀರನು ಸಿದ್ಧನಾಗುತ್ತಾನೆ. ತೊಡಕು ಬರುವುದು ಎರಡನೆಯ ಪುಟದಲ್ಲಿ. ಈ ವೀರನು ಯಾರೊಡನೆ ಹೋರಾಡಬೇಕು? ಎದುರಾಳಿ ದುರ್ಬಲನಾದರೆ ವೀರನ ಮುಷ್ಟಿಗೆ ಅರ್ಥವಿಲ್ಲ. ಎದುರಾಳಿಯ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ ಕಥೆಯೇ ಇಲ್ಲ. ನಮ್ಮ ಹಳೆಯ ಕವಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರನ್ನನು ತನ್ನ ಗದಾಯುದ್ಧದಲ್ಲಿ ಗೆಲ್ಲುವ ಭೀಮನನ್ನು ಎಷ್ಟು ಅಕ್ಕರೆಯಿಂದ ಕಂಡನೋ ಸೋಲುವ ದುರ್ಯೋಧನನನ್ನೂ ಅಷ್ಟೇ ಗೌರವದಿಂದ ಕಂಡನು. ನಾಗಚಂದ್ರನ ರಾವಣನು ಒಂದು ದುರ್ಬಲ ಗಳಿಗೆಯಲ್ಲಿ ಎಡವಿದ ದೊಡ್ಡ ಮನುಷ್ಯ; ಅವನ ಪಶ್ಚಾತ್ತಾಪವನ್ನು ಓದಿದವರಿಗೆ ಅವನನ್ನು ದ್ವೇಷಿಸುವುದು ಕಷ್ಟವಾಗುತ್ತದೆ. ಖಳನನ್ನು ರೂಪಿಸುವುದು ನಾಯಕನನ್ನು ರೂಪಿಸುವುದಕ್ಕಿಂತ ಹೆಚ್ಚು ಜವಾಬ್ದಾರಿಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಮಕ್ಕಳು ಬರೆಯುವ ಖಳನನ್ನು ನೋಡೋಣ. ಬೂದಿಕೋಟೆ, ಬಂಗಾರಪೇಟೆ, ಚಿನ್ನದ ಗಣಿಯ ಊರುಗಳು, ಇಲ್ಲೆಲ್ಲ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದೇನೆ. ನೋಟುಪುಸ್ತಕಗಳ ಹಿಂದಿನ ಹಾಳೆಗಳಲ್ಲಿ ಮೂಡಿದ ನೂರಾರು ಖಳರನ್ನು ಕಂಡಿದ್ದೇನೆ. ಅವರೆಲ್ಲರೂ ಅಣ್ಣತಮ್ಮಂದಿರಂತೆ ಇರುತ್ತಾರೆ. ಮೈತುಂಬ ಬೂದಿ, ಜಡೆಗಟ್ಟಿದ ಕೂದಲು, ಕೆಂಪು ಕಣ್ಣು, ಕೊರಳಲ್ಲಿ ಮೂಳೆಯ ಸರ, ಎದುರಿಗೆ ತಲೆಬುರುಡೆ, ಕುಂಕುಮ ಹಚ್ಚಿದ ನಿಂಬೆಹಣ್ಣು. ಹಿನ್ನೆಲೆಯಲ್ಲಿ ಸ್ಮಶಾನ, ಮರದಲ್ಲಿ ಗೂಬೆ. ಪಾಪ, ಆ ಗೂಬೆ ಯಾರಿಗೆ ಏನು ಮಾಡಿತ್ತೋ! ಇಂಥ ಚಿತ್ರವನ್ನು ನಮ್ಮ ಜಾನಪದದಿಂದ ಪಡೆದೆವು ಎಂದು ಮಕ್ಕಳು ಹೇಳುತ್ತಾರೆ. ಪಡೆದದ್ದು ಸಿನಿಮಾದಿಂದ. ನಮ್ಮ ಜಾನಪದವು ಖಳನನ್ನು ಕಟ್ಟುವ ಬಗೆಯೇ ಬೇರೆ.

ಬೇತಾಳ ಕಥೆಯನ್ನು ತೆಗೆದುಕೊಳ್ಳಿ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ಕಥಾಸರಿತ್ಸಾಗರದಲ್ಲಿ ಇದು ಬರುತ್ತದೆ. 1949ರಲ್ಲಿ ಕನ್ನಡದಲ್ಲಿ ಹೊರಡತೊಡಗಿದ ‘ಚಂದಮಾಮ’ದ ಮೂಲಕ ಇದು ನಮ್ಮ ಮನೆಮನೆಯ ಕಥೆಯಾಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸುತ್ತ ಕತ್ತಲೆ; ‘ಶಂಕರ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕೆ.ಸಿ. ಶಿವಶಂಕರನ್ ಅವರ ಆ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ಅವರು 2020ರಲ್ಲಿ ತೀರಿಕೊಂಡರು. ಆ ಪತ್ರಿಕೆಯೂ ಈಗಿಲ್ಲ. ಆದರೆ ಆ ಕಥೆಯಲ್ಲಿ ಖಳನು ಯಾರು? ಶವದಲ್ಲಿ ಸೇರಿಕೊಂಡು ನಗುವ ಬೇತಾಳನಲ್ಲ. ಅವನು ನೋಡಲು ಭಯಂಕರ, ನಡತೆಯಲ್ಲಿ ಪ್ರಾಮಾಣಿಕ. ಕೊನೆಗೆ ರಾಜನ ಪ್ರಾಣ ಉಳಿಸುವವನು ಅವನೇ. ಖಳನಾದವನು ವರ್ಷಗಟ್ಟಲೆ ದಿನವೂ ಆಸ್ಥಾನಕ್ಕೆ ಬಂದು, ವಿನಯದಿಂದ ಒಂದು ಹಣ್ಣನ್ನು ಕೊಟ್ಟು, ಏನನ್ನೂ ಬೇಡದೆ ಹೋಗುತ್ತಿದ್ದ ಸನ್ಯಾಸಿ. ಒಂದು ದಿನ ಕೋತಿಯೊಂದು ಹಣ್ಣನ್ನು ಕಚ್ಚಿದಾಗ ಒಳಗಿಂದ ರತ್ನ ಉರುಳುತ್ತದೆ. ಅಷ್ಟು ಹೊತ್ತಿಗೆ ರಾಜನು ಅವನ ಋಣದಲ್ಲಿ ಸಿಕ್ಕಿಬಿದ್ದಿರುತ್ತಾನೆ.

‘ಹಾಗಾದರೆ ಅಲ್ಲಿಯೂ ಸನ್ಯಾಸಿಯೇ ಕೆಟ್ಟವನಾದನಲ್ಲ’ ಎಂದು ನೀವು ಕೇಳಬಹುದು. ನಿಜ. ಆದರೆ ಕಥೆಗಾರನು ಅವನ ಕೇಡನ್ನು ಅವನ ಉಡುಪಿನಲ್ಲಿ ತೋರಿಸಲಿಲ್ಲ; ಅವನ ಉಡುಗೊರೆಯಲ್ಲಿ ತೋರಿಸಿದನು. ಋಣವೆಂಬ ಬಲೆಯನ್ನು ಹಣ್ಣಿನಿಂದ ಹೆಣೆದನು. ಸನ್ಯಾಸಿಯ ಬದಲು ಸಾಹುಕಾರನನ್ನೋ ಮಂತ್ರಿಯನ್ನೋ ಅಲ್ಲಿ ನಿಲ್ಲಿಸಿ ನೋಡಿ, ಕಥೆ ಒಂದಿಷ್ಟೂ ಕುಂದುವುದಿಲ್ಲ. ಇಂಥ ಖಳನನ್ನು ಚಿತ್ರದಲ್ಲಿ ಬರೆಯಲು ತಲೆಬುರುಡೆ ಬೇಡ. ಒಂದು ಹಣ್ಣಿನ ಚಿತ್ರ ಸಾಕು, ಅದನ್ನು ಪುಟಪುಟಕ್ಕೂ ಬರೆಯುತ್ತ ಹೋದರೆ ಓದುವವನ ಎದೆ ತಾನಾಗಿ ನಡುಗುತ್ತದೆ.

ನಮ್ಮ ತಾಯಂದಿರು ಊಟ ಮಾಡದ ಮಗುವನ್ನು ಹೆದರಿಸಲು ಕರೆಯುವ ಗುಮ್ಮನಿಗಂತೂ ಮುಖವೇ ಇಲ್ಲ. ಪುರಂದರದಾಸರು ಗುಮ್ಮನ ಮೇಲೆ ಒಂದು ಕೀರ್ತನೆಯನ್ನೇ ಹಾಡಿದ್ದಾರೆ. ಮೂರು ಲೋಕವನ್ನು ನಡುಗಿಸಬಲ್ಲ ಬಾಲಕೃಷ್ಣನೂ ಅವನ ಹೆಸರಿಗೆ ಬೆದರಿದವನಂತೆ ನಟಿಸುತ್ತಾನೆ. ಗುಮ್ಮನಿಗೆ ಎಷ್ಟು ಕೈ, ಎಷ್ಟು ಹಲ್ಲು ಎಂದು ಯಾವ ತಾಯಿಯೂ ಹೇಳಲಿಲ್ಲ. ಹೇಳಿದ್ದರೆ ಮಗುವಿನ ಅಂಜಿಕೆ ಅಂದೇ ಮುಗಿಯುತ್ತಿತ್ತು.

ಇನ್ನೊಂದು ಉದಾಹರಣೆ ಇತ್ತೀಚಿನದು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳಲ್ಲೂ ಮನೆಗಳ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿ ಒಬ್ಬ ಹೆಣ್ಣುದೆವ್ವ ಬಂದು, ಮನೆಯವರಿಗೆ ಪ್ರಿಯರಾದವರ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆರೆದವರು ಬದುಕುವುದಿಲ್ಲ, ಬರಹವನ್ನು ಓದಿದರೆ ಮಾತ್ರ ಹಿಂದಿರುಗಿ, ಮರುದಿನ ಮತ್ತೆ ಬರುತ್ತಾಳೆ, ಹೀಗೆಂದು ವದಂತಿ. 2018ರಲ್ಲಿ ತೆರೆಕಂಡ ‘ಸ್ತ್ರೀ’ ಎಂಬ ಹಿಂದಿ ಚಿತ್ರಕ್ಕೂ ಈ ನಂಬಿಕೆ ಎಳೆಯನ್ನೊದಗಿಸಿತು. ವದಂತಿಯನ್ನು ನಾವು ನಂಬಬೇಕಾಗಿಲ್ಲ. ಆದರೆ ಕಟ್ಟಿದ ಜಾಣ್ಮೆಯನ್ನು ಮೆಚ್ಚಬೇಕು. ಅವಳ ಆಯುಧ ಉಗುರಲ್ಲ, ಹಲ್ಲಲ್ಲ. ನಮಗೆ ಪ್ರಿಯರಾದವರ ದನಿ. ಅವಳ ದೌರ್ಬಲ್ಯ, ಅಕ್ಷರವನ್ನು ನಂಬುವುದು. ಅಕ್ಷರ ಬಲ್ಲ ದೆವ್ವ! ನಮ್ಮ ಊರುಗಳಲ್ಲಿ ವಯಸ್ಕರ ಶಿಕ್ಷಣ ಅಷ್ಟು ದೂರ ತಲುಪಿತ್ತೆಂದು ನನಗೆ ಗೊತ್ತಿರಲಿಲ್ಲ.

ಆದರೆ ನಮ್ಮ ಸೀಮೆಯ ಖಳರಲ್ಲಿ ದೊಡ್ಡವನು ಬಕಾಸುರ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರಪುರವೆಂದು ಇಲ್ಲಿನ ಜನರ ನಂಬಿಕೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಕೈವಾರ ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇತ್ತು. ಆ ಹೆಸರಿಗೆ ಹಕ್ಕು ಸಾಧಿಸುವ ಊರುಗಳು ಉತ್ತರ ಭಾರತದಲ್ಲೂ ಇವೆ. ಇರಲಿ, ಬಕನು ಅಷ್ಟು ಊರುಗಳಿಗೆ ಬೇಕಾದನೆಂಬುದೇ ಅವನ ಹಿರಿಮೆ. ಬಕನೆಂದರೆ ಮಕ್ಕಳಿಗೆ ನೆನಪಾಗುವುದು ಹೊಟ್ಟೆಬಾಕತನ. ವ್ಯಾಸರ ಆದಿಪರ್ವವನ್ನು ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಊರಿಗೂ ಬಕನಿಗೂ ಒಂದು ಒಪ್ಪಂದವಿತ್ತು. ಆ ನಾಡಿನ ರಾಜನು ಕೈಲಾಗದವನು, ಪ್ರಜೆಗಳನ್ನು ಕಾಯಲಾರದವನು. ಶತ್ರುಗಳಿಂದಲೂ ಇತರ ಭೂತಗಳಿಂದಲೂ ಊರನ್ನು ಕಾಯುತ್ತಿದ್ದವನು ಬಕನೇ! ಅದಕ್ಕೆ ಅವನ ಕೂಲಿ, ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ತಂದ ಒಬ್ಬ ಮನುಷ್ಯ. ಮನೆಗೊಂದರಂತೆ ಸರದಿ. ಒಂದು ಮನೆಯ ಸರದಿ ಬರಲು ಎಷ್ಟೋ ವರ್ಷ ಹಿಡಿಯುತ್ತಿತ್ತು. ಆದ್ದರಿಂದ ಸರದಿ ಬಂದ ಮನೆಯಲ್ಲಿ ಮಾತ್ರ ಅಳು, ಉಳಿದ ಮನೆಗಳಲ್ಲಿ ಎಂದಿನ ಅಡುಗೆ.

ಕುಂತಿಗೆ ಕೇಳಿಸಿದ್ದು ಆ ಒಂದು ಮನೆಯ ಅಳು. ತಂದೆ ತಾನು ಹೋಗುವೆನೆನ್ನುತ್ತಾನೆ, ತಾಯಿ ತಾನೆನ್ನುತ್ತಾಳೆ, ಮಗಳು ತಾನೆನ್ನುತ್ತಾಳೆ. ಇನ್ನೂ ತೊದಲು ಮಾತನಾಡುವ ಚಿಕ್ಕ ಮಗ ಒಂದು ಹುಲ್ಲುಕಡ್ಡಿಯನ್ನು ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆನ್ನುತ್ತಾನೆ. ಅಳುತ್ತಿದ್ದವರೆಲ್ಲ ಆ ಮಾತಿಗೆ ಒಂದು ಗಳಿಗೆ ನಗುತ್ತಾರೆ. ಇಡೀ ಪ್ರಸಂಗದಲ್ಲಿ ಬಕನು ಇನ್ನೂ ಕಾಣಿಸಿಕೊಂಡೇ ಇಲ್ಲ. ಆದರೂ ಅವನ ನೆರಳು ಎಲ್ಲೆಲ್ಲೂ ಇದೆ. ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ. ಕೋರೆಹಲ್ಲನ್ನು ಬರೆಯುವ ಮೊದಲು ಒಪ್ಪಂದವನ್ನು ಬರೆಯಬೇಕು. ಅವನು ಏನನ್ನು ಕೊಡುತ್ತಾನೆ, ಏನನ್ನು ಕೇಳುತ್ತಾನೆ, ಊರು ಏಕೆ ಒಪ್ಪಿಕೊಂಡಿತು, ಯಾರು ಸುಮ್ಮನಿದ್ದರು? ಇವು ಗೊತ್ತಾದರೆ ಖಳನ ಮುಖ ತಾನಾಗಿ ಮೂಡುತ್ತದೆ.

ಮುಖವನ್ನು ಬರೆಯಬೇಡಿರೆಂದು ನಾನು ಹೇಳುತ್ತಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷವನ್ನು ನೋಡಿದವರಿಗೆ ಮುಖದ ಮಹಿಮೆ ಗೊತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯಿಂದ ಚುಕ್ಕೆಚುಕ್ಕೆಯಾಗಿ ಮುಖದ ಮೇಲೆ ಕಟ್ಟುತ್ತ ಹೋಗುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಮ್ಮ ಕಡೆಯ ಮೂಡಲಪಾಯದ ಕೇಳಿಕೆಯಲ್ಲೂ ರಾಕ್ಷಸನು ತೆರೆಯ ಹಿಂದಿನಿಂದ ಗರ್ಜಿಸುತ್ತಲೇ ಬರುತ್ತಾನೆ. ಆದರೆ ಆ ಮುಖ ಯಾರ ಮುಖವೂ ಅಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕೇರಿಯಲ್ಲಿ ಅಂಥ ಮುಖ ಕಾಣಸಿಗದು. ಕಲಾವಿದನು ಅದನ್ನು ತಾನೇ ಕಟ್ಟಿದನು. ಯಾವ ಬಡವನಿಂದಲೂ ಕಸಿದುಕೊಳ್ಳಲಿಲ್ಲ. ಅಷ್ಟೇ ಅಲ್ಲ, ಆ ರಾಕ್ಷಸನಿಗೆ ಮಾತಿದೆ. ಅರ್ಥಧಾರಿಯಾದವನು ಅವನ ಪಕ್ಷವನ್ನು ಬೆಳತನಕ ವಾದಿಸಬಲ್ಲನು. ಚಿತ್ರಕಥೆಗಳು ಈ ಎಚ್ಚರವನ್ನು ಎಲ್ಲ ಕಾಲದಲ್ಲೂ ಉಳಿಸಿಕೊಳ್ಳಲಿಲ್ಲ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯಿಂದ ಭಾರತದ ಮಕ್ಕಳಿಗೆ ಆದ ಉಪಕಾರ ದೊಡ್ಡದು. ಆದರೂ ಅದರ ಎಷ್ಟೋ ಸಂಚಿಕೆಗಳಲ್ಲಿ ದೇವತೆಗಳಿಗೆ ಬೆಳ್ಳಗಿನ ಬಣ್ಣ, ಅಸುರರಿಗೆ ಕಪ್ಪು ಬಣ್ಣ ಹಚ್ಚಲಾಯಿತೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪ ಸರಿಯಾದದ್ದೇ. ನಮ್ಮ ತರಗತಿಯಲ್ಲಿ ಕಪ್ಪು ಮೈಬಣ್ಣದ ಮಗು ಆ ಪುಸ್ತಕವನ್ನು ಓದುವಾಗ ತನ್ನನ್ನು ಯಾವ ಪಕ್ಷದಲ್ಲಿ ಕಾಣಬೇಕು?

ಪರದೇಶದವರು ನಮ್ಮವರಿಗೆ ಮಾಡಿದ್ದೂ ಇದನ್ನೇ. 1936ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಫ್ಯಾಂಟಮ್’ ಕಥೆಗಳಲ್ಲಿ ನಾಯಕನ ಕುಲದ ಶತ್ರುಗಳಾದ ಕಡಲ್ಗಳ್ಳರಿಗೆ ಇಟ್ಟ ಹೆಸರು ‘ಸಿಂಗ್’. ಲಕ್ಷಾಂತರ ರೈತರೂ ಸೈನಿಕರೂ ಹೊತ್ತ ಹೆಸರು ಅದು. ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 1827ರಲ್ಲಿ ಸರ್ ವಾಲ್ಟರ್ ಸ್ಕಾಟ್ ಬರೆದ ಒಂದು ಕಥೆಯಲ್ಲಿ ಅವನು ಫಕೀರನ ವೇಷದಲ್ಲಿ ತಿರುಗುತ್ತಾನೆ. ಅಪರಾಧಿಯನ್ನು ಆನೆಯ ಕಾಲಿಗೆ ಹಾಕಿಸುತ್ತಾನೆ. ಭಾರತಕ್ಕೆ ಎಂದೂ ಕಾಲಿಡದ ಸ್ಕಾಟನಿಗೆ ಫಕೀರನ ನಿಲುವಂಗಿಯೂ ಆನೆಯೂ ಒದಗಿದ್ದೆಲ್ಲಿಂದ? ಬೇರೆಯವರ ಬರಹಗಳಿಂದ, ಬಾಯಿಮಾತುಗಳಿಂದ. ನಮ್ಮ ಮಕ್ಕಳಿಗೆ ಬೂದಿ ಬಳಿದವನು ಒದಗುವುದೂ ಹಾಗೆಯೇ.

ಬೂದಿ ಬಳಿದವನು, ಬಣ್ಣದ ತೇಪೆಯ ಅಂಗಿ ತೊಟ್ಟವನು, ಜೋಳಿಗೆ ಹೊತ್ತವನು ನಿಜವಾಗಿ ಯಾರು? ನಸುಕಿನಲ್ಲಿ ಸಣ್ಣ ಬುಡುಬುಡಿಕೆಯನ್ನು ನುಡಿಸುತ್ತ, ಹಾಲಕ್ಕಿಯ ದನಿಯನ್ನು ಕೇಳಿ ಶಕುನ ಹೇಳುವ ಬುಡುಬುಡಿಕೆಯವರು. ಸ್ಮಶಾನದ ಕಾಯಕವನ್ನೂ ಕೈಚಳಕವನ್ನೂ ನೆಚ್ಚಿ ಬದುಕಿದ ಸುಡುಗಾಡು ಸಿದ್ಧರು. ಎತ್ತಿನ ಮೇಲೆ ಬಂದು ನಮ್ಮ ಮನೆತನದ ವಂಶಾವಳಿಯನ್ನು ನಮಗೇ ಓದಿ ಹೇಳುವ ಹೆಳವರು. ಕಿನ್ನರಿ ಜೋಗಿಗಳು, ದುರುಗಮುರಗಿಯವರು. ಕನ್ನಡ ನಾಡಿನ ಕಥೆಗಳನ್ನೂ ಪದಗಳನ್ನೂ ಊರಿಂದೂರಿಗೆ ಹೊತ್ತವರು ಇಂಥವರೇ. ಇವರ ಶಕುನವನ್ನು ನಂಬಬೇಕೆಂದು ನಾನು ಹೇಳುವುದಿಲ್ಲ, ನಾನಂತೂ ನಂಬುವುದಿಲ್ಲ. ಆದರೆ ಇವರು ಬಂದಾಗ ‘ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾರೆ, ಒಳಗೆ ಬಾ’ ಎಂದು ಕದ ಮುಚ್ಚುವ ವಾಡಿಕೆ ನಮ್ಮಲ್ಲಿ ಬೆಳೆದಿದೆ. ಆ ವಾಡಿಕೆಗೆ ಪ್ರತಿಯೊಂದು ಸಿನಿಮಾ, ಪ್ರತಿಯೊಂದು ಚಿತ್ರಕಥೆ ಒಂದು ಹಿಡಿ ಸೌದೆ ಹಾಕಿದೆ.

ಬೆಂಕಿ ಹತ್ತಿದ್ದು 2018ರಲ್ಲಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಆ ವರ್ಷ ಮೊಬೈಲ್ ಫೋನುಗಳ ಮೂಲಕ ದೇಶದ ಅನೇಕ ರಾಜ್ಯಗಳಲ್ಲಿ ಹರಡಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಊರಿನಲ್ಲಿ ವಾರದ ಸಂತೆಗೆ ಐದು ಮಂದಿ ಬಂದಿಳಿದರು. ಅವರು ನಾಥಪಂಥದ ಡವರಿ ಗೋಸಾವಿಗಳು. ಭಿಕ್ಷೆಯೇ ಕುಲವೃತ್ತಿಯಾದ ಅಲೆಮಾರಿಗಳು. ನಮ್ಮ ಗಡಿಗೆ ಹತ್ತಿರದ ಸೊಲ್ಲಾಪುರ ಜಿಲ್ಲೆಯವರು. ಒಂದು ಮಗುವಿನೊಡನೆ ಮಾತನಾಡಿದರೆಂದು ಜನರಿಗೆ ಅನುಮಾನ ಬಂದಿತು. ಐವರನ್ನೂ ಜನರು ಹೊಡೆದು ಕೊಂದರು. ಹನ್ನೆರಡು ದಿನಗಳ ಮೇಲೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನು ಗುಂಪಿನ ಕೈಗೆ ಸಿಕ್ಕಿ ಪ್ರಾಣ ಬಿಟ್ಟನು. ಅವನ ಜೊತೆಗಾರರು ಗಾಯಗೊಂಡರು. ಆ ಯುವಕನ ಮೈಮೇಲೆ ಬೂದಿಯಿರಲಿಲ್ಲ, ಜೋಳಿಗೆಯಿರಲಿಲ್ಲ. ಒಮ್ಮೆ ಅಂಜಿಕೆ ಹುಚ್ಚೆದ್ದ ಮೇಲೆ ಅದು ಉಡುಪನ್ನೂ ನೋಡುವುದಿಲ್ಲ.

ಒಂದು ಚಿತ್ರದಿಂದ ಕೊಲೆಯಾಯಿತೆಂದು ಹೇಳಿದರೆ ಅದು ಅತಿಮಾತಾದೀತು. ಕೊಂದವರು ಮನುಷ್ಯರು, ಅವರ ಹೊಣೆಯನ್ನು ಕಾಗದದ ಮೇಲೆ ಹೊರಿಸಲಾಗದು. ಆದರೆ ಸುಳ್ಳು ಸುದ್ದಿ ಬಂದಾಗ ಅದನ್ನು ಒಂದೇ ಗಳಿಗೆಯಲ್ಲಿ ನಂಬಲು ಮನಸ್ಸು ಸಿದ್ಧವಾಗಿತ್ತಲ್ಲ, ಆ ಸಿದ್ಧತೆ ಎಲ್ಲಿಂದ ಬಂದಿತು? ಚಿಕ್ಕಂದಿನಿಂದ ನೋಡುತ್ತ ಬಂದ ಚಿತ್ರಗಳಿಂದಲ್ಲವೇ? ‘ಕಥೆ ಕಥೆಯೇ, ಅದರಲ್ಲಿ ಹೆದರಿಕೆ ಇರಬಾರದೇ?’ ಎಂದು ನನ್ನೊಡನೆ ವಾದಿಸಿದ ವಿದ್ಯಾರ್ಥಿಗಳಿದ್ದಾರೆ. ಹೆದರಿಕೆ ಧಾರಾಳವಾಗಿ ಇರಲಿ. ಹೆದರಿಕೆಯಿಲ್ಲದ ಕಥೆ ಉಪ್ಪಿಲ್ಲದ ಸಾರು. ದೆವ್ವ, ಬ್ರಹ್ಮರಾಕ್ಷಸ, ಕೊಳ್ಳಿದೆವ್ವ ಎಲ್ಲವೂ ಬರಲಿ. ಅವುಗಳಿಗೆ ಪೆಟ್ಟು ಬೀಳುವ ಬೆನ್ನಿಲ್ಲ. ಬೆನ್ನಿರುವವರ ಉಡುಪನ್ನು ಅವುಗಳಿಗೆ ತೊಡಿಸಬಾರದು, ನನ್ನ ವಾದ ಇಷ್ಟೇ.

ಮಾಟಮಂತ್ರದ ಹೆಸರಿನಲ್ಲಿ ಜನರನ್ನು ಸುಲಿಯುವವರು ಇಲ್ಲವೇ? ಇದ್ದಾರೆ, ಅವರನ್ನು ಖಳರನ್ನಾಗಿ ಬರೆಯಲು ಸಂಕೋಚ ಬೇಡ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ತಡೆಯಲೆಂದೇ ನಮ್ಮ ವಿಧಾನಮಂಡಲವು 2017ರಲ್ಲಿ ವಾಮಾಚಾರ ನಿಷೇಧದ ಕಾನೂನನ್ನು ಅಂಗೀಕರಿಸಿತು. 2020ರಲ್ಲಿ ಅದು ಜಾರಿಗೆ ಬಂದಿತು. ಆದರೆ ಅಂಥವನನ್ನು ಬರೆಯುವಾಗ ಕಣ್ಣುಬಿಟ್ಟು ಬರೆಯಬೇಕು. ಅವನು ಸ್ಮಶಾನದಲ್ಲಿ ಕುಳಿತಿರುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆ ಉಂಗುರ, ಮೇಜಿನ ಮೇಲೆ ಎರಡು ಫೋನು, ಗೋಡೆಗೆ ಗಡಿಯಾರ, ಹೊರಗೆ ಬೆಂಚಿನ ಮೇಲೆ ಸಾಲಾಗಿ ಕುಳಿತ ರೋಗಿಗಳ ತಾಯಂದಿರು. ಈ ಚಿತ್ರ ತಲೆಬುರುಡೆಯ ಚಿತ್ರಕ್ಕಿಂತ ನೂರು ಪಾಲು ಭಯಂಕರವೆಂದು ನನಗೆ ತೋರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಮಣ್ಣಿನಿಂದಲೇ ಒಬ್ಬ ಖಳನನ್ನು ರೂಪಿಸಿ ನೋಡಬಹುದು. ಚಿನ್ನದ ಗಣಿಯೆಂದೊಡನೆ ಈಗಿನ ಮಕ್ಕಳಿಗೆ ನೆನಪಾಗುವುದು 2018ರಲ್ಲಿ ಬಂದ ಸಿನಿಮಾ, ಅದರ ಗಡ್ಡದ ಖಳರು. ನನ್ನ ಮನಸ್ಸಿಗೆ ಬರುವವನು ಬೇರೆ. 1880ರಿಂದ 2001ರ ಫೆಬ್ರವರಿಯವರೆಗೆ ಇಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಲ್ಲೂ ಆಮೇಲೆ ಸರ್ಕಾರದ ಕಾಲದಲ್ಲೂ ಬಂಡೆ ಒಡೆದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಎಂಟುನೂರು ಟನ್ನಿನಷ್ಟು ಚಿನ್ನ ತೆಗೆದರು. ಬಂಡೆಯನ್ನು ಕೊರೆಯುವಾಗ ಏಳುವ ಕಲ್ಲಿನ ಪುಡಿ ಕಣ್ಣಿಗೆ ಕಾಣದಷ್ಟು ನುಣುಪು. ಉಸಿರಿನೊಡನೆ ಶ್ವಾಸಕೋಶಕ್ಕಿಳಿದು ಅಲ್ಲೇ ನೆಲೆಸಿ, ಅದನ್ನು ಕಲ್ಲಾಗಿಸುತ್ತ ಹೋಗುತ್ತದೆ. ಸಿಲಿಕೋಸಿಸ್ ಎಂದು ಆ ರೋಗದ ಹೆಸರು. ಹತ್ತಿಪ್ಪತ್ತು ವರ್ಷಗಳ ಮೇಲೆ, ಮನುಷ್ಯನು ಗಣಿ ಬಿಟ್ಟು ಮನೆಯಲ್ಲಿ ಕುಳಿತಾಗ, ಅದು ತನ್ನ ಪಾಲನ್ನು ಕೇಳುತ್ತದೆ. ಚಿನ್ನ ತೆಗೆದುಳಿದ ಪುಡಿ ಊರಿನ ನಡುವೆ ಬೆಟ್ಟಗಳಾಗಿ ನಿಂತಿದೆ. ಮೂರು ಕೋಟಿ ಟನ್ನಿಗೂ ಹೆಚ್ಚೆಂದು ಲೆಕ್ಕ. ಸೈನೈಡ್ ದಿಬ್ಬಗಳೆಂದು ಜನರು ಕರೆಯುವ ಆ ಬೆಟ್ಟಗಳಿಂದ ಬೇಸಗೆಯ ಗಾಳಿಗೆ ಪುಡಿ ಎದ್ದು ಮನೆಗಳ ಮೇಲೆ ಇಳಿಯುತ್ತದೆ.

ಈ ಪುಡಿಯನ್ನೇ ಖಳನನ್ನಾಗಿ ಮಾಡಿ. ಬಕನಂತೆ ಅವನಿಗೂ ಒಪ್ಪಂದವಿರಲಿ. ಅನ್ನ ಕೊಡುತ್ತಾನೆ, ಕೂಲಿ ಕೊಡುತ್ತಾನೆ, ಆಸ್ಪತ್ರೆ, ಶಾಲೆ, ದೀಪ ಕೊಡುತ್ತಾನೆ. 1902ರಲ್ಲಿಯೇ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದಿತ್ತಲ್ಲ! ಪ್ರತಿಯಾಗಿ ಮನೆಗೊಬ್ಬರಂತೆ ಸರದಿ. ‘ನಾಳೆ ಬಾ’ ಎಂದರೆ ನಗುತ್ತ ಒಪ್ಪಿ ಹೋಗುತ್ತಾನೆ, ಅವನಿಗೆ ಆತುರವಿಲ್ಲ. ಗುಮ್ಮನಂತೆ ಅವನಿಗೂ ಮುಖವಿರದಿರಲಿ. ಶಾಯಿಯಿಂದ ಅವನನ್ನು ಬರೆಯುವ ಗೋಜೇ ಇಲ್ಲ. ಚಿತ್ರದಲ್ಲಿ ಒಂದಿಷ್ಟು ಕಾಗದವನ್ನು ಬಿಳಿಯಾಗಿ ಬಿಟ್ಟು, ಪುಟದಿಂದ ಪುಟಕ್ಕೆ ಆ ಬಿಳುಪನ್ನು ಹಿಗ್ಗಿಸುತ್ತ ಹೋದರೆ ಸಾಕು.

ಇಂಥವನೊಡನೆ ನಾಯಕನು ಮುಷ್ಟಿಯಿಂದ ಹೋರಾಡಲಾರನು. ಪುಡಿಯನ್ನು ಅಡಗಿಸುವುದು ನೀರು. ಕೊರೆಯುವ ಸಲಾಕೆಯ ತುದಿಗೆ ನೀರು ಹಾಯಿಸಿದರೆ ಪುಡಿ ಏಳುವುದು ಬಹಳ ಕಡಿಮೆಯಾಗುತ್ತದೆ ಎಂಬುದನ್ನು ಗಣಿಗಾರಿಕೆ ಬಲ್ಲವರು ಬಹಳ ಹಿಂದೆಯೇ ಕಂಡುಕೊಂಡರು. ಗಣಿಯ ಊರಿಗೆ ನೀರು ಬರುತ್ತಿದ್ದುದು ಪಾಲಾರಿನ ಬೇತಮಂಗಲದ ಕೆರೆಯಿಂದ. ಆದ್ದರಿಂದ ನಿಮ್ಮ ನಾಯಕನು ಖಡ್ಗವನ್ನು ಮನೆಯಲ್ಲಿಟ್ಟು, ಒಂದು ಕೊಳವೆಯನ್ನು ಹೆಗಲ ಮೇಲೆ ಹೊತ್ತು ಬೇತಮಂಗಲದಿಂದ ಹೊರಡಲಿ. ದಾರಿಯಲ್ಲಿ ಅವನನ್ನು ತಡೆದು, ಕೊಳವೆಗೆ ಎಷ್ಟು ಖರ್ಚಾದೀತೆಂದು ಲೆಕ್ಕ ಕೇಳುವವನು ಒಬ್ಬನಿರುತ್ತಾನೆ. ಅವನಿಗೆ ಮಾತ್ರ ಮುಖ ಬೇಕು. ಅದನ್ನು ನಿಧಾನವಾಗಿ, ಯೋಚಿಸಿ ಬರೆಯಿರಿ.